ಲ್ಯಾಪ್‌ಟಾಪಿಗೆ ಆಕಸ್ಮಿಕ ಹಾನಿ: ನಿರಾಕರಿಸಲಾದ ಕ್ಲೇಮನ್ನು ಪ್ರಶ್ನಿಸುವ ಕ್ರಮ

ಅಡತಿ ಅಂಗಡಿಯ ಗಾದಿಯ ಮೇಲಿದ್ದ ಕೆಂಪು ಬಟ್ಟೆಯ ಕಿರ್ದಿ ಪುಸ್ತಕ ಪಕ್ಕಕ್ಕೆ ಸರಿದು, ಆ ಸ್ಥಾನದಲ್ಲಿ ಲ್ಯಾಪ್‌ಟಾಪ್ ಬಂದು ಕುಳಿತು ಬಹಳ ವರ್ಷಗಳಾದವು. ಅಣ್ಣಿಗೇರಿಯ ಹತ್ತಿ ಹಾಗೂ ಹೆಸರುಕಾಳಿನ ವ್ಯಾಪಾರಿಯ ಖಾತೆ, ಕುಂದಗೋಳದ ಮೆಣಸಿನಕಾಯಿ ವ್ಯಾಪಾರಿಯ ಇ-ವೇ ಬಿಲ್ಲು, ಕಲಘಟಗಿಯ ಬಣ್ಣದ ತೊಟ್ಟಿಲು ತಯಾರಕನ ನಮೂನೆ ಚಿತ್ರಗಳು, ನವಲಗುಂದದ ಜಮಖಾನೆಗಳಿಗೆ ಬಂದ ಬೇಡಿಕೆಯ ಪಟ್ಟಿ, ಇವೆಲ್ಲವೂ ಇಂದು ಅದರೊಳಗೇ ಇವೆ. ಆದ್ದರಿಂದ ಅದು ಕೈಜಾರಿ ಬಿದ್ದರೆ ಆಗುವ ನಷ್ಟ ಯಂತ್ರದ ಬೆಲೆಗಷ್ಟೇ ನಿಲ್ಲುವುದಿಲ್ಲ. ತಿಂಗಳ 20ರೊಳಗೆ ಸಲ್ಲಿಸಬೇಕಾದ ಜಿಎಸ್‌ಟಿ 3ಬಿ ರಿಟರ್ನು ತಡವಾದರೆ, ತೆರಿಗೆ ಪಾವತಿಸಬೇಕಿರುವ ರಿಟರ್ನಿಗೆ ದಿನವೊಂದಕ್ಕೆ 50 ರೂಪಾಯಿ ವಿಳಂಬ ಶುಲ್ಕವೂ ಬಾಕಿ ತೆರಿಗೆಯ ಮೇಲೆ ಬಡ್ಡಿಯೂ ಏರುತ್ತಾ ಹೋಗುತ್ತವೆ.

ಇಂತಹ ಸಂದರ್ಭಕ್ಕೆಂದೇ ಅನೇಕರು ಖರೀದಿಯ ವೇಳೆಯಲ್ಲಿ ಹೆಚ್ಚಿನ ಹಣ ತೆತ್ತು 'ಆಕಸ್ಮಿಕ ಹಾನಿ ರಕ್ಷಣೆ' ಎಂಬ ಯೋಜನೆಯನ್ನು ಕೊಂಡಿರುತ್ತಾರೆ. ಆದರೆ ಹಾನಿಯಾದಾಗ ಕ್ಲೇಮು ನಿರಾಕರಣೆಗೊಳ್ಳುವುದುಂಟು. 'ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ' ಎಂದು ಗೊಣಗಿ ಸುಮ್ಮನಾಗುವವರೇ ಬಹಳ. ನಿರಾಕರಣೆಯ ಪತ್ರವೇ ಅಂತಿಮ ತೀರ್ಪಲ್ಲ. ಅದು ಎದುರು ಪಕ್ಷದ ಒಂದು ವಾದ ಮಾತ್ರ. ಆ ವಾದದಲ್ಲಿ ಬರೆದಿರುವ ಕಾರಣಕ್ಕೆ, ಕರಾರಿನ ಷರತ್ತನ್ನೂ ಸಾಕ್ಷ್ಯವನ್ನೂ ಮುಂದಿಟ್ಟು ಉತ್ತರಿಸುವ ಕ್ರಮವನ್ನು ವ್ಯಾಪಾರಸ್ಥ ಬಂಧುಗಳಿಗೆ ತಿಳಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಒಂದು ಉದಾಹರಣೆ

ವಿಷಯ ಸ್ಪಷ್ಟವಾಗಲೆಂದು ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳೋಣ. ಅಣ್ಣಿಗೇರಿಯ ಅಡತಿ ವ್ಯಾಪಾರಿಯೊಬ್ಬರು ಹುಬ್ಬಳ್ಳಿಯಲ್ಲಿ 52,000 ರೂಪಾಯಿಗೆ ಲ್ಯಾಪ್‌ಟಾಪ್ ಕೊಂಡು, ಎರಡು ವರ್ಷದ ಆಕಸ್ಮಿಕ ಹಾನಿ ಯೋಜನೆಗೆ 4,200 ರೂಪಾಯಿ ಪ್ರತ್ಯೇಕವಾಗಿ ಪಾವತಿಸಿದ್ದಾರೆ. ಹೆಸರಿನ ಹಂಗಾಮಿನಲ್ಲಿ ಲೆಕ್ಕ ಒಪ್ಪಿಸಲು ತೆರಿಗೆ ಸಲಹೆಗಾರರಲ್ಲಿಗೆ ಹೋಗುವಾಗ ಬಸ್ಸಿನ ಸಾಮಾನು ಇಡುವ ಹಲಗೆಯಿಂದ ಚೀಲ ಕೆಳಗೆ ಬಿದ್ದು ಪರದೆ ಒಡೆಯುತ್ತದೆ. ಸರ್ವಿಸ್ ಸೆಂಟರಿನವರು ಯಂತ್ರವನ್ನು ಪರೀಕ್ಷಿಸಿ, 'ಇದು ಗ್ರಾಹಕರಿಂದ ಉಂಟಾದ ಹಾನಿ, ವಾರಂಟಿಗೆ ಒಳಪಡುವುದಿಲ್ಲ' ಎಂದು ಬರೆದು 19,000 ರೂಪಾಯಿಯ ದುರಸ್ತಿ ಅಂದಾಜು ಕೊಡುತ್ತಾರೆ.

ಇಲ್ಲಿ ಒಂದು ಸೂಕ್ಷ್ಮವಿದೆ. 'ಗ್ರಾಹಕರಿಂದ ಉಂಟಾದ ಹಾನಿ' ಎಂಬುದು ಮೂಲ ವಾರಂಟಿಯನ್ನು ನಿರಾಕರಿಸುವಾಗ ಬಳಸುವ ಮಾತು. ಆಕಸ್ಮಿಕ ಹಾನಿಯ ಯೋಜನೆಯನ್ನು ಮಾರುವುದೇ ಅಂತಹ ಹಾನಿಗಾಗಿ! ಅಂದರೆ ಈ ವ್ಯಾಪಾರಿಯ ಕ್ಲೇಮನ್ನು ಅವರು ಹಣ ಕೊಟ್ಟು ಕೊಂಡ ಯೋಜನೆಯ ಅಡಿಯಲ್ಲಿ ಪರಿಶೀಲಿಸಿಯೇ ಇಲ್ಲ. ಆದ್ದರಿಂದ ಯಾವುದೇ ನಿರಾಕರಣೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ: 'ಯಾವ ಕಾಗದದ ಆಧಾರದ ಮೇಲೆ ಇಲ್ಲವೆಂದಿರಿ?'

ಮೂರು ಬಗೆಯ ಕಾಗದಗಳು

ಒಂದೇ ಲ್ಯಾಪ್‌ಟಾಪಿಗೆ ಮೂರು ಬಗೆಯ ರಕ್ಷಣೆ ಇರಬಹುದು. ಮೂರನ್ನೂ ಜನ ಸಾಮಾನ್ಯವಾಗಿ 'ವಾರಂಟಿ' ಎಂದೇ ಕರೆಯುವುದರಿಂದ ಗೊಂದಲವುಂಟಾಗುತ್ತದೆ.

ಮೊದಲನೆಯದು ತಯಾರಕರ ವಾರಂಟಿ. ಇದು ತಯಾರಿಕೆಯ ದೋಷಕ್ಕೆ ಮಾತ್ರ. ಬಿದ್ದು ಒಡೆದದ್ದಕ್ಕೆ, ಚಹಾ ಚೆಲ್ಲಿದ್ದಕ್ಕೆ ಅನ್ವಯಿಸದು.

ಎರಡನೆಯದು ತಯಾರಕರೋ ಮಾರಾಟಗಾರರೋ ಹೆಚ್ಚುವರಿ ಹಣ ಪಡೆದು ನೀಡುವ ಸೇವಾ ಕರಾರು. ಬೀಳುವಿಕೆ, ದ್ರವ ಚೆಲ್ಲುವಿಕೆ ಮೊದಲಾದವು ಇದರಲ್ಲಿ ಸೇರಿರುತ್ತವೆ. ವರ್ಷಕ್ಕೆ ಎಷ್ಟು ಕ್ಲೇಮು, ಎಷ್ಟು ದಿನದೊಳಗೆ ತಿಳಿಸಬೇಕು, ಖರೀದಿಯ ನಂತರ ಎಷ್ಟು ದಿನದೊಳಗೆ ಸೀರಿಯಲ್ ಸಂಖ್ಯೆಯನ್ನು ನೋಂದಾಯಿಸಬೇಕು ಎಂಬ ಷರತ್ತುಗಳಿರುತ್ತವೆ.

ಮೂರನೆಯದು ವಿಮಾ ಪಾಲಿಸಿ. ಅಂಗಡಿಯಲ್ಲಿ ಬೇರೆ ಹೆಸರಿನಲ್ಲಿ ಮಾರಿದ ಯೋಜನೆಯ ಹಿಂದೆಯೂ ಕೆಲವೊಮ್ಮೆ ವಿಮಾ ಕಂಪನಿಯ ಪಾಲಿಸಿ ಇರುತ್ತದೆ. ಕಾಗದದ ಮೇಲೆ ವಿಮಾ ಕಂಪನಿಯ ಹೆಸರು ಮತ್ತು ಪಾಲಿಸಿ ಸಂಖ್ಯೆ ಇದೆಯೇ ಎಂದು ನೋಡಬೇಕು. ಇದು ಮುಂದೆ ದೂರು ಎಲ್ಲಿಗೆ ಒಯ್ಯಬೇಕೆಂಬುದನ್ನು ನಿರ್ಧರಿಸುತ್ತದೆ.

ಹಾನಿಯಾದ ದಿನವೇ ಮಾಡಬೇಕಾದ ಕೆಲಸ

ವ್ಯಾಜ್ಯ ಗೆಲ್ಲುವುದು ಬಹುಮಟ್ಟಿಗೆ ಮೊದಲ ದಿನದ ದಾಖಲೆಗಳಿಂದ. ಬಿದ್ದ ಸ್ಥಳ, ಒಡೆದ ಭಾಗ ಹಾಗೂ ಕೆಳಭಾಗದಲ್ಲಿರುವ ಸೀರಿಯಲ್ ಸಂಖ್ಯೆಯ ಛಾಯಾಚಿತ್ರ ತೆಗೆಯಬೇಕು. ಮೂಲ ಚಿತ್ರಗಳನ್ನು ಮೊಬೈಲಿನಿಂದ ಅಳಿಸಬಾರದು. ಎಲ್ಲಿ, ಯಾವಾಗ, ಹೇಗೆ ಆಯಿತೆಂಬುದನ್ನು ಐದಾರು ವಾಕ್ಯಗಳಲ್ಲಿ ಅಂದೇ ಬರೆದಿಡಬೇಕು. ಫೋನಿನಲ್ಲಿ ಒಂದು, ಸರ್ವಿಸ್ ಸೆಂಟರಿನಲ್ಲಿ ಇನ್ನೊಂದು ಹೇಳಿದರೆ ಎದುರು ಪಕ್ಷಕ್ಕೆ ಅದಕ್ಕಿಂತ ಬಲವಾದ ಆಯುಧ ಬೇಡ. ಚಾಲಾಕಿತನ ಮಾಡಿ ಕಥೆ ಕಟ್ಟುವುದಕ್ಕಿಂತ 'ನನ್ನ ಕೈಯಿಂದಲೇ ಜಾರಿತು' ಎಂಬ ಸತ್ಯವೇ ಹೆಚ್ಚು ಉಪಕಾರಿ.

ನೀರು ಬಿದ್ದ ಯಂತ್ರವನ್ನು ಚಾಲೂ ಮಾಡಿ ನೋಡಬಾರದು. ಊರಿನಲ್ಲಿ ಪರಿಚಯದ ದುರಸ್ತಿಗಾರರು ಇದ್ದರೂ ಅವರಿಂದ ಯಂತ್ರವನ್ನು ಬಿಚ್ಚಿಸಬಾರದು. ಅನಧಿಕೃತವಾಗಿ ತೆರೆದ ಯಂತ್ರದ ಕ್ಲೇಮನ್ನು ಉಳಿಸಿಕೊಳ್ಳುವುದು ಕಷ್ಟ. ಸರ್ವಿಸ್ ಸೆಂಟರಿಗೆ ಕೊಡುವಾಗ ಜಾಬ್ ಶೀಟಿನಲ್ಲಿ ಯಂತ್ರದ ಸ್ಥಿತಿ ಮತ್ತು ಯೋಜನೆಯ ಸಂಖ್ಯೆ ಎರಡನ್ನೂ ಬರೆಯಿಸಿ ಪ್ರತಿ ಪಡೆಯಬೇಕು. ಡಿಜಿಟಲ್ ಸಹಿಯ ಟೋಕನ್ನನ್ನು ತೆಗೆದಿಟ್ಟುಕೊಳ್ಳಬೇಕು. ಒಳಗಿರುವ ಲೆಕ್ಕಪತ್ರ, ದತ್ತಾಂಶಗಳ ನಷ್ಟಕ್ಕೆ ಇಂತಹ ಯೋಜನೆಗಳು ಸಾಮಾನ್ಯವಾಗಿ ಹೊಣೆಯಾಗುವುದಿಲ್ಲವಾದ್ದರಿಂದ, ವಾರಕ್ಕೊಮ್ಮೆಯಾದರೂ ಪ್ರತಿ ತೆಗೆದಿಡುವುದು ನಮ್ಮದೇ ಜವಾಬ್ದಾರಿ.

ನಿರಾಕರಣೆಯ ಕಾರಣಗಳು ಮತ್ತು ಉತ್ತರಗಳು

ಬಾಯಿಮಾತಿನ ನಿರಾಕರಣೆಯನ್ನು ಒಪ್ಪಿಕೊಳ್ಳಬಾರದು. ಕಾರಣ, ಅನ್ವಯಿಸಿದ ಷರತ್ತಿನ ಸಂಖ್ಯೆ, ತಂತ್ರಜ್ಞರ ವರದಿ ಮತ್ತು ಅವರು ತೆಗೆದ ಚಿತ್ರಗಳನ್ನು ಲಿಖಿತವಾಗಿ ಕೇಳಬೇಕು. ಸಾಮಾನ್ಯವಾಗಿ ಬರುವ ಕಾರಣಗಳು ಹೀಗಿವೆ:

1. 'ಯೋಜನೆ ನಮ್ಮಲ್ಲಿ ನೋಂದಣಿಯಾಗಿಲ್ಲ.' ಹಣ ಪಡೆದ ಮಾರಾಟಗಾರರು ಸೀರಿಯಲ್ ಸಂಖ್ಯೆಯನ್ನು ತಪ್ಪಾಗಿ ದಾಖಲಿಸಿರಬಹುದು. ಯೋಜನೆಯ ಮೊತ್ತವನ್ನು ಪ್ರತ್ಯೇಕವಾಗಿ ತೋರಿಸಿದ ಬಿಲ್ಲು ಇದಕ್ಕೆ ಉತ್ತರ. ಮುಂದೆ ದೂರು ಸಲ್ಲಿಸುವಾಗ ಮಾರಾಟಗಾರರನ್ನೂ ಎದುರುದಾರರನ್ನಾಗಿ ಸೇರಿಸಬೇಕು.

2. 'ಹೊರಗೆಡಹಿದ ಷರತ್ತಿಗೆ ಒಳಪಡುತ್ತದೆ.' ಆ ಷರತ್ತಿನ ಪ್ರತಿಯನ್ನು ಮಾರುವಾಗ ಕೊಟ್ಟಿದ್ದರೇ ಎಂದು ಕೇಳಬೇಕು. ಭಾರತ್ ವಾಚ್ ಕಂಪನಿ ಎಂಬ ಸಂಸ್ಥೆಯ ಕಳವಿನ ವಿಮಾ ಪ್ರಕರಣದಲ್ಲಿ, ತಿಳಿಸದೇ ಇದ್ದ ಹೊರಗೆಡಹುವ ಷರತ್ತು ವಿಮೆದಾರನನ್ನು ಬಂಧಿಸದು ಎಂದು ಸುಪ್ರೀಂ ಕೋರ್ಟು 2019ರಲ್ಲಿ ತೀರ್ಮಾನಿಸಿದೆ. ಅಂತಹ ಷರತ್ತು ಅನ್ವಯಿಸುತ್ತದೆಂದು ರುಜುವಾತು ಮಾಡುವ ಭಾರ ವಿಮಾ ಕಂಪನಿಯದೇ ಎಂಬುದನ್ನು ಅದೇ ನ್ಯಾಯಾಲಯ 2007ರಲ್ಲಿ ಈಶರ್ ದಾಸ್ ಮದನ್ ಲಾಲ್ ಪ್ರಕರಣದಲ್ಲಿ ಹೇಳಿದೆ.

3. 'ಇದು ಅಪಘಾತ ಎಂಬ ವ್ಯಾಖ್ಯೆಗೆ ಬರುವುದಿಲ್ಲ.' ಪದವೊಂದಕ್ಕೆ ಎರಡು ಅರ್ಥಗಳು ಸಾಧ್ಯವಿದ್ದರೆ, ಕರಾರನ್ನು ಬರೆದವರಿಗೆ ವಿರುದ್ಧವಾದ ಅರ್ಥವನ್ನೇ ಹಿಡಿಯಬೇಕೆಂಬುದು ನ್ಯಾಯದ ತತ್ತ್ವ. 2004ರ ಪುಷ್ಪಾಲಯ ಪ್ರಿಂಟರ್ಸ್ ಪ್ರಕರಣ ಸಣ್ಣ ಉದ್ದಿಮೆದಾರರು ನೆನಪಿಡತಕ್ಕದ್ದು. ಮುದ್ರಣಾಲಯದ ಪಕ್ಕದ ರಸ್ತೆಯಲ್ಲಿ ಬುಲ್ಡೋಜರ್ ಚಲಿಸಿದ ಕಂಪನದಿಂದ ಕಟ್ಟಡಕ್ಕೂ ಯಂತ್ರಕ್ಕೂ ಹಾನಿಯಾಗಿತ್ತು. ವಾಹನ ನೇರವಾಗಿ ತಾಗಿದರೆ ಮಾತ್ರ 'ಆಘಾತ' ಎಂಬ ವಿಮಾ ಕಂಪನಿಯ ವಾದವನ್ನು ಸುಪ್ರೀಂ ಕೋರ್ಟು ಒಪ್ಪಲಿಲ್ಲ.

4. 'ತಡವಾಗಿ ತಿಳಿಸಿದ್ದೀರಿ.' ತಡಕ್ಕೆ ನಿಜವಾದ ಕಾರಣವಿದ್ದರೆ ಅದನ್ನು ಆಧಾರದೊಂದಿಗೆ ಬರೆಯಬೇಕು. ನವಲಗುಂದ ಭಾಗದಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳಗಳು ಉಕ್ಕಿ ಬಂದಾಗ ಸಂಚಾರ ನಿಲ್ಲುವುದು ಎಲ್ಲರಿಗೂ ತಿಳಿದದ್ದೇ. ವಾಹನ ಕಳವಿನ ಓಂ ಪ್ರಕಾಶ್ ಪ್ರಕರಣದಲ್ಲಿ 2017ರಲ್ಲಿ, ವಿಳಂಬಕ್ಕೆ ತೃಪ್ತಿಕರ ಕಾರಣವಿದ್ದಾಗ ನೈಜ ಕ್ಲೇಮನ್ನು ಕೇವಲ ವಿಳಂಬದ ನೆಪದಿಂದ ತಳ್ಳಿಹಾಕಬಾರದೆಂದು ಸುಪ್ರೀಂ ಕೋರ್ಟು ಹೇಳಿದೆ.

5. 'ಹಳೆಯ ಹಾನಿ', 'ಸವಕಳಿ' ಅಥವಾ 'ತೇವಾಂಶ ಸೂಚಕ ಕೆಂಪಾಗಿದೆ.' ಯಂತ್ರದೊಳಗೆ ಅಂಟಿಸಿರುವ ಬಿಳಿಯ ಸೂಚಕ ಚೀಟಿಗಳು ದ್ರವ ತಾಗಿದರೆ ಕೆಂಪಾಗುತ್ತವೆ. ಅದು ದ್ರವ ತಾಗಿದ್ದನ್ನು ತೋರಿಸೀತೇ ಹೊರತು, ಯಾವಾಗ ತಾಗಿತು, ಪರದೆ ಒಡೆಯಲು ಅದೇ ಕಾರಣವೇ ಎಂಬುದನ್ನು ಹೇಳದು. ಸ್ವತಂತ್ರ ತಂತ್ರಜ್ಞರ ಲಿಖಿತ ವರದಿ ಇಲ್ಲಿ ಉಪಯುಕ್ತ. ವಿಮಾ ಸರ್ವೇಯರನ ವರದಿಯೂ ಪ್ರಶ್ನಾತೀತವಲ್ಲ ಎಂದು 2009ರ ಪ್ರದೀಪ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ.

ಇವೆಲ್ಲ ವಿಮೆಗೆ ಸಂಬಂಧಿಸಿದ ತೀರ್ಪುಗಳು. ನಿಮ್ಮ ಕಾಗದ ವಿಮಾ ಪಾಲಿಸಿಯಾಗಿದ್ದರೆ ನೇರವಾಗಿ ಆಧಾರವಾಗುತ್ತವೆ; ಸೇವಾ ಕರಾರಾಗಿದ್ದರೆ ಅವುಗಳ ತತ್ತ್ವವನ್ನು ಮುಂದಿಟ್ಟು ವಾದಿಸಬೇಕಾಗುತ್ತದೆ.

ಮತ್ತೊಂದು ಮಾತು. ನಿರಾಕರಣೆ ಸರಿಯಾಗಿರುವ ಪ್ರಸಂಗಗಳೂ ಇವೆ. ಬ್ಯಾಟರಿಯ ಸಹಜ ಕುಗ್ಗುವಿಕೆ, ಮೇಲ್ಮೈಯ ಗೀರು, ಅವಧಿ ಮುಗಿದ ನಂತರದ ಹಾನಿ, ಉದ್ದೇಶಪೂರ್ವಕ ಹಾನಿ ಇವುಗಳಿಗಾಗಿ ಹೋರಾಡುವುದು ಹಣ ಮತ್ತು ಕಾಲದ ಅಪವ್ಯಯ.

ಪತ್ರ ಬರೆಯುವ ರೀತಿ

ಮೊದಲ ಹೆಜ್ಜೆಯಾಗಿ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇ-ಮೇಲ್ ಮೂಲಕವೂ, ತಲುಪಿದ್ದಕ್ಕೆ ಪುರಾವೆ ದೊರೆಯುವ ಸ್ಪೀಡ್ ಪೋಸ್ಟ್ ಮೂಲಕವೂ ಪತ್ರ ಕಳುಹಿಸಬೇಕು. ಪತ್ರದಲ್ಲಿ ಸಿಟ್ಟು ಬೇಡ. ದಿನಾಂಕ, ಸಂಖ್ಯೆ ಮತ್ತು ಷರತ್ತು ಸಾಕು. ನಮ್ಮ ಉದಾಹರಣೆಯ ವ್ಯಾಪಾರಿ ಹೀಗೆ ಬರೆಯಬಹುದು:

'ಮಾನ್ಯರೇ, ಇಂತಹ ಸೀರಿಯಲ್ ಸಂಖ್ಯೆಯ ಲ್ಯಾಪ್‌ಟಾಪನ್ನೂ ಅದರೊಂದಿಗೆ ಇಂತಹ ಸಂಖ್ಯೆಯ ಆಕಸ್ಮಿಕ ಹಾನಿ ರಕ್ಷಣಾ ಯೋಜನೆಯನ್ನೂ ಇಂತಹ ದಿನಾಂಕದ ಬಿಲ್ಲಿನ ಪ್ರಕಾರ ಖರೀದಿಸಿರುತ್ತೇನೆ. ಇಂತಹ ದಿನ ಬಸ್ಸಿನಲ್ಲಿ ಚೀಲ ಕೆಳಗೆ ಬಿದ್ದು ಪರದೆ ಒಡೆದಿದೆ. ಅದೇ ದಿನ ತಮಗೆ ತಿಳಿಸಲಾಗಿದೆ. ತಮ್ಮ ಜಾಬ್ ಶೀಟಿನಲ್ಲಿ "ಗ್ರಾಹಕರಿಂದ ಉಂಟಾದ ಹಾನಿ" ಎಂಬ ಕಾರಣದಿಂದ ಕ್ಲೇಮನ್ನು ನಿರಾಕರಿಸಲಾಗಿದೆ. ಅದು ಮೂಲ ವಾರಂಟಿಗೆ ಸಂಬಂಧಿಸಿದ ಕಾರಣವಾಗಿದ್ದು, ಯೋಜನೆಯ ಇಂತಹ ಷರತ್ತಿನಲ್ಲಿ ಬೀಳುವಿಕೆಯಿಂದಾಗುವ ಹಾನಿ ಸ್ಪಷ್ಟವಾಗಿ ಸೇರಿದೆ. ಆದ್ದರಿಂದ ಈ ಪತ್ರ ತಲುಪಿದ 15 ದಿನಗಳೊಳಗೆ ಉಚಿತವಾಗಿ ದುರಸ್ತಿ ಮಾಡಿಕೊಡಬೇಕು. ಇಲ್ಲವಾದರೆ ಅನ್ವಯಿಸುವ ಷರತ್ತು ಹಾಗೂ ತಂತ್ರಜ್ಞರ ವರದಿಯೊಂದಿಗೆ ಲಿಖಿತ ಕಾರಣ ತಿಳಿಸಬೇಕು. ತಪ್ಪಿದಲ್ಲಿ ಸಕ್ಷಮ ಆಯೋಗದ ಮೊರೆಹೋಗುವುದು ಅನಿವಾರ್ಯವಾಗುತ್ತದೆ.'

ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಸಹಾಯವಾಣಿಗೆ ತೀರ್ಪು ಕೊಡುವ ಅಧಿಕಾರವಿಲ್ಲವಾದರೂ, ಅದು ದೂರನ್ನು ಕಂಪನಿಗೆ ಕಳುಹಿಸುವುದರಿಂದ ಈ ಹಂತದಲ್ಲಿಯೇ ವಿಷಯ ಬಗೆಹರಿಯುವ ಸಾಧ್ಯತೆಯಿದೆ.

ವ್ಯಾಪಾರಸ್ಥರು ಗ್ರಾಹಕರೇ?

ನಮ್ಮ ಓದುಗರಿಗೆ ಅತ್ಯಂತ ಮಹತ್ವದ ಪ್ರಶ್ನೆ ಇದು. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ 2(7)ನೆಯ ಕಲಮಿನಂತೆ 'ವಾಣಿಜ್ಯ ಉದ್ದೇಶ'ಕ್ಕಾಗಿ ಸರಕು ಕೊಂಡವರು ಗ್ರಾಹಕರಲ್ಲ. ಆದರೆ ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯ ಗಳಿಸುವುದಕ್ಕಾಗಿಯೇ ಸ್ವತಃ ಬಳಸುವ ಸರಕು ಈ ನಿರ್ಬಂಧಕ್ಕೆ ಒಳಪಡುವುದಿಲ್ಲ. ಎದುರು ಪಕ್ಷದ ವಕೀಲರು ಮೊದಲು ಎತ್ತಬಹುದಾದ ಆಕ್ಷೇಪಣೆಯೂ ಇದೇ.

1995ರ ಲಕ್ಷ್ಮಿ ಇಂಜಿನಿಯರಿಂಗ್ ವರ್ಕ್ಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಟೈಪ್‌ರೈಟರಿನ ಉದಾಹರಣೆಯನ್ನೇ ಎತ್ತಿಕೊಂಡಿದೆ. ಇತರರ ಕೆಲಸವನ್ನು ಟೈಪು ಮಾಡಿ ಹೊಟ್ಟೆ ಹೊರೆಯಲು ಟೈಪ್‌ರೈಟರ್ ಕೊಂಡು ಸ್ವತಃ ಬಳಸುವವನು ಗ್ರಾಹಕನೇ. ಒಬ್ಬಿಬ್ಬರ ಸಹಾಯ ಪಡೆದ ಮಾತ್ರಕ್ಕೆ ಆ ಸ್ಥಾನ ತಪ್ಪುವುದಿಲ್ಲ. ಆದರೆ ಆ ಪ್ರಕರಣದ ಸಂಸ್ಥೆ ದೊಡ್ಡ ಪ್ರಮಾಣದ ತಯಾರಿಕೆಗಾಗಿ ಬೆಲೆಬಾಳುವ ಯಂತ್ರ ಕೊಂಡಿದ್ದರಿಂದ ಅದಕ್ಕೆ ಪರಿಹಾರ ಸಿಗಲಿಲ್ಲ. 2018ರ ಪ್ಯಾರಾಮೌಂಟ್ ಡಿಜಿಟಲ್ ಕಲರ್ ಲ್ಯಾಬ್ ಪ್ರಕರಣದಲ್ಲಿ, ಜೀವನೋಪಾಯಕ್ಕಾಗಿ ಪಾಲುದಾರಿಕೆಯಲ್ಲಿ ಛಾಯಾಚಿತ್ರ ಮುದ್ರಣ ಯಂತ್ರ ಕೊಂಡವರನ್ನು ಗ್ರಾಹಕರೆಂದು ಒಪ್ಪಲಾಯಿತು.

ಇದರಿಂದ ತಿಳಿಯುವುದೇನೆಂದರೆ, ತಾವೇ ಕುಳಿತು ಲೆಕ್ಕ ಬರೆಯುವ ಸಣ್ಣ ವ್ಯಾಪಾರಿ, ಛಾಯಾಗ್ರಾಹಕ, ತೊಟ್ಟಿಲು ತಯಾರಕ ಮೊದಲಾದವರು ದೂರಿನ ಮೊದಲ ಪುಟದಲ್ಲೇ ತಮ್ಮ ಸ್ವಯಂ ಉದ್ಯೋಗದ ಸಂಗತಿಯನ್ನು ಸ್ಪಷ್ಟವಾಗಿ ಬರೆಯಬೇಕು. ಬಿಲ್ಲು ಸಂಸ್ಥೆಯ ಹೆಸರಿನಲ್ಲಿದ್ದು ಜಿಎಸ್‌ಟಿ ಹೂಡುವಳಿ ಜಮೆಯನ್ನು ಪಡೆದಿದ್ದರೆ ಆಕ್ಷೇಪಣೆ ಬರುವುದೆಂದು ತಿಳಿದು ಸಿದ್ಧರಾಗಿರಬೇಕು. ಹತ್ತಾರು ನೌಕರರಿರುವ ಕಾರ್ಖಾನೆಯ ಲ್ಯಾಪ್‌ಟಾಪಿಗೆ ಈ ದಾರಿ ಕಠಿಣ. ಅಂತಹವರಿಗೆ ವಕೀಲರ ನೋಟೀಸು ಮತ್ತು ಮೂರು ವರ್ಷಗಳೊಳಗೆ ಸಿವಿಲ್ ದಾವೆ ಉಳಿದ ಮಾರ್ಗ.

ಆದರೆ ಕಾಗದ ವಿಮಾ ಪಾಲಿಸಿಯಾಗಿದ್ದರೆ ಸ್ಥಿತಿ ಬೇರೆ. 2002ರ ಗೋಧ್ರಾ ಗಲಭೆಯಲ್ಲಿ ಹಾನಿಗೊಂಡ ಹರ್ಸೋಲಿಯಾ ಮೋಟರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2023ರಲ್ಲಿ, ವಿಮೆ ಎಂಬುದು ನಷ್ಟ ತುಂಬಿಕೊಳ್ಳುವುದಕ್ಕಾಗಿಯೇ ವಿನಾ ಲಾಭ ಗಳಿಕೆಗಲ್ಲ, ಆದ್ದರಿಂದ ವಾಣಿಜ್ಯ ಸಂಸ್ಥೆಯೂ ವಿಮೆಯ ವಿಷಯದಲ್ಲಿ ಗ್ರಾಹಕನಾಗಬಲ್ಲದು ಎಂದು ಎತ್ತಿಹಿಡಿದಿದೆ. ಮೂರು ಕಾಗದಗಳನ್ನು ಬೇರ್ಪಡಿಸಿ ನೋಡಬೇಕೆಂದು ಆರಂಭದಲ್ಲಿ ಹೇಳಿದ್ದು ಈ ಕಾರಣಕ್ಕೂ ಹೌದು.

ದೂರು ಎಲ್ಲಿ, ಹೇಗೆ?

ಕರಾರಿನಲ್ಲಿ ಬೇರೆ ದೂರದ ನಗರದ ಹೆಸರಿದ್ದರೂ ಹೆದರಬೇಕಿಲ್ಲ. ದೂರುದಾರರು ವಾಸಿಸುವ ಅಥವಾ ಸ್ವತಃ ದುಡಿಯುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಲು 34ನೆಯ ಕಲಮು ಅವಕಾಶ ಕೊಟ್ಟಿದೆ. ಹೀಗಾಗಿ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ತಾಲೂಕುಗಳವರಿಗೆ ಧಾರವಾಡ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವೇ ಸಾಕು. 2021ರ ಡಿಸೆಂಬರಿನ ನಿಯಮಗಳಂತೆ, ಪಾವತಿಸಿದ ಬೆಲೆ 50 ಲಕ್ಷ ರೂಪಾಯಿ ಮೀರದ ದೂರುಗಳು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತವೆ. 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ. ವಕೀಲರಿಲ್ಲದೆಯೂ ವಾದಿಸಬಹುದು. 2020ರಲ್ಲಿ ಆರಂಭವಾದ ಇ-ದಾಖಿಲ್ ವ್ಯವಸ್ಥೆಯ ಸ್ಥಾನದಲ್ಲಿ 2025ರ ಜನವರಿಯಿಂದ ಇ-ಜಾಗೃತಿ ಬಂದಿದ್ದು, ಅದರ ಮೂಲಕ ಊರಿನಲ್ಲಿ ಕುಳಿತೇ ದೂರು ಸಲ್ಲಿಸಬಹುದು.

ಕಾರಣ ಉದ್ಭವಿಸಿದ ದಿನದಿಂದ 2 ವರ್ಷಗಳೊಳಗೆ ದೂರು ಸಲ್ಲಿಸಬೇಕು. ನೋಟೀಸು ತಲುಪಿದ ಎದುರುದಾರರಿಗೆ ಉತ್ತರಿಸಲು 30 ದಿನ, ಹೆಚ್ಚೆಂದರೆ ಮತ್ತೆ 15 ದಿನ ಕಾಲಾವಕಾಶ. ದೋಷವನ್ನು ಪರೀಕ್ಷೆಯಿಲ್ಲದೆ ತೀರ್ಮಾನಿಸಲಾಗದಿದ್ದರೆ ಯಂತ್ರವನ್ನು ಪ್ರಯೋಗಾಲಯಕ್ಕೆ ಕಳುಹಿಸುವ ಅಧಿಕಾರ ಆಯೋಗಕ್ಕಿದೆ. ಪ್ರಕರಣವನ್ನು 3 ತಿಂಗಳಲ್ಲಿ, ಪರೀಕ್ಷೆ ಬೇಕಾದಲ್ಲಿ 5 ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾನೂನು ಹೇಳುತ್ತದೆ. ಆದರೂ ಹೆಚ್ಚು ಕಾಲ ಹಿಡಿಯಬಹುದೆಂಬ ಎಣಿಕೆಯಿಂದಲೇ ಹೊರಡುವುದು ಲೇಸು. ಬೇಡಿಕೆ ಮಿತವಾಗಿರಲಿ: ದುರಸ್ತಿ ಅಥವಾ ಅದರ ವೆಚ್ಚ, ಬಡ್ಡಿ, ತೊಂದರೆಗೆ ಸಮಂಜಸ ಪರಿಹಾರ, ದೂರಿನ ಖರ್ಚು. 'ಕರಾರೇ ಅನ್ಯಾಯದ್ದು' ಎಂಬ ದೂರು ರಾಜ್ಯ ಆಯೋಗದ ವ್ಯಾಪ್ತಿಗೆ ಹೋಗುವುದರಿಂದ, ಜಿಲ್ಲಾ ಆಯೋಗದ ಮುಂದೆ 'ಸೇವಾ ನ್ಯೂನತೆ' ಎಂಬ ನೆಲೆಯಲ್ಲಿಯೇ ನಿಲ್ಲಬೇಕು.

ವಿಮಾ ಪಾಲಿಸಿಯಾಗಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಯ ದಾರಿಯೂ ಉಂಟು. ವ್ಯಕ್ತಿಗಳಲ್ಲದೆ ಏಕಮಾಲಿಕತ್ವದ ಸಂಸ್ಥೆಗಳು ಹಾಗೂ ಸೂಕ್ಷ್ಮ ಉದ್ದಿಮೆಗಳೂ ಅಲ್ಲಿ ದೂರು ಕೊಡಬಹುದು. ಮೊದಲು ಕಂಪನಿಗೆ ಬರೆದು, ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನಕರವಲ್ಲದಿದ್ದರೆ, ಒಂದು ವರ್ಷದೊಳಗೆ ಸಲ್ಲಿಸಬೇಕು. ಶುಲ್ಕವಿಲ್ಲ. ಆದರೆ ಅದೇ ವಿಷಯ ಗ್ರಾಹಕ ಆಯೋಗದಲ್ಲಿ ಅಥವಾ ನ್ಯಾಯಾಲಯದಲ್ಲಿ ಇರಬಾರದು.

ಕೊನೆಯ ಮಾತು

ನಮ್ಮ ಅಡತಿ ವ್ಯಾಪಾರಿಯ ಪ್ರಸಂಗಕ್ಕೆ ಮರಳೋಣ. ಅವರ ಬಳಿ ಯೋಜನೆಯ ಮೊತ್ತ ತೋರಿಸುವ ಬಿಲ್ಲು, ಅದೇ ದಿನದ ಚಿತ್ರ, ಒಂದೇ ತೆರನಾದ ಹೇಳಿಕೆ, ಜಾಬ್ ಶೀಟು ಮತ್ತು ಲಿಖಿತ ನಿರಾಕರಣೆ ಇವೆ. ಈ ಐದು ಕಾಗದಗಳಿದ್ದರೆ 19,000 ರೂಪಾಯಿಯನ್ನು ತೆರುವ ಮೊದಲು ಪ್ರಶ್ನಿಸಲು ಅವರಿಗೆ ಗಟ್ಟಿ ನೆಲೆಯಿದೆ. ಇವಿಲ್ಲದೆ ಹೋದರೆ ನ್ಯಾಯ ಅವರ ಕಡೆಗಿದ್ದರೂ ತೋರಿಸುವುದು ಕಷ್ಟ.

ಉದ್ರಿ ಕೊಟ್ಟದ್ದನ್ನು ಅಂದೇ ಖಾತೆಗೆ ಏರಿಸದೆ ಗಾದಿಯಿಂದ ಏಳದಿರುವುದು ನಮ್ಮ ಹಿರಿಯರ ಪದ್ಧತಿ. ಅದೇ ಪದ್ಧತಿಯನ್ನು ನಾವು ಕೊಂಡ ಸರಕಿಗೂ ಅನ್ವಯಿಸಿದರೆ ಸಾಕು. ಸದಸ್ಯ ಬಂಧುಗಳು ಇಂದೇ ತಮ್ಮ ಲ್ಯಾಪ್‌ಟಾಪಿನ ಬಿಲ್ಲನ್ನೂ ಯೋಜನೆಯ ಕಾಗದವನ್ನೂ ಹುಡುಕಿ ತೆಗೆದು, ಎರಡರಲ್ಲಿಯೂ ಇರುವ ಸೀರಿಯಲ್ ಸಂಖ್ಯೆ ಯಂತ್ರದ ಸಂಖ್ಯೆಗೆ ಹೊಂದುತ್ತದೆಯೇ ಎಂದು ತಾಳೆ ನೋಡಬೇಕಾಗಿ ವಿನಂತಿ. ತಪ್ಪಿದ್ದರೆ ಯಂತ್ರ ಸುಸ್ಥಿತಿಯಲ್ಲಿರುವಾಗಲೇ ತಿದ್ದಿಸಿಕೊಳ್ಳುವುದು ಸುಲಭ.